ಮೋಡದ ಸುದ್ದಿ ಗಲ್ಲಾಕ್ಕೆ ಮಾತ್ರವೆ?



ಬೇಸಗೆ ಮುಗಿಯುವ ಹೊತ್ತಿಗೆ ಮುಂಬಯಿಗೆ ಗುಡುಗು-ಗಾಳಿಯ ದಿನಗಳು ಬರುತ್ತವೆ. ಅದರ ಬೆನ್ನಿಗೇ ಮುಂಗಾರು. ಪ್ರತಿವರ್ಷವೂ ಆಗ ಮಾಲೀಕರ ಬಾಯಲ್ಲಿ ಒಂದೇ ಮಾತು: "ಹವಾಮಾನದವರು ಹೇಳಿದ್ದು ಯಾವಾಗ ನಿಜವಾಗಿದೆ? ಸುಮ್ಮನೆ ಕೆಲಸಕ್ಕೆ ಬನ್ನಿ." ಇದನ್ನು ಕೇಳಿ ನಮ್ಮವರೂ ನಗುತ್ತಾರೆ. ಈ ನಗುವಿನಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿದೆ.

ಬೇಸಗೆಯ ಗುಡುಗುಮಳೆಯ ರೀತಿಯೇ ಬೇರೆ. ಕಾದ ನೆಲದ ಬಿಸಿಗಾಳಿ ತೇವವನ್ನು ಹೊತ್ತು ಮೇಲೇರಿ, ಒಂದು ಗಂಟೆಯೊಳಗೆ ಬೆಟ್ಟದಂಥ ಮೋಡ ಕಟ್ಟುತ್ತದೆ. ಬೀಸಿ, ಸಿಡಿದು, ಸುರಿದು, ಇನ್ನೊಂದು ಗಂಟೆಯಲ್ಲಿ ಕರಗಿಯೂ ಹೋಗುತ್ತದೆ. ಊರಿನಲ್ಲಿ ಭರಣಿ, ಕೃತ್ತಿಕೆಯ ಮಳೆ ಕಂಡವರಿಗೆ ಇದು ಗೊತ್ತು. ಗದ್ದೆಯ ಈ ಬದಿ ನೀರು, ಆ ಬದಿ ಧೂಳು. ಆದುದರಿಂದ ಇಂಥ ಬೀದಿಗೆ ಇಷ್ಟು ಗಂಟೆಗೆ ಬರುತ್ತದೆಂದು ನಾಲ್ಕು ದಿನ ಮೊದಲು ಹೇಳಲು ಯಾರಿಂದಲೂ ಆಗದು. ಹಿಂದಿನ ದಿನ 'ಈ ಜಿಲ್ಲೆಯಲ್ಲಿ ಸಂಭವವಿದೆ' ಎನ್ನಬಹುದು. ಮೋಡ ಕಟ್ಟಿದ ಮೇಲೆ ರಾಡಾರಿನಲ್ಲಿ ನೋಡಿ ಮುಂದಿನ ಮೂರು ಗಂಟೆಗಳ ಎಚ್ಚರಿಕೆ ಕೊಡಬಹುದು. ಹವಾಮಾನ ಇಲಾಖೆ ಮಾಡುತ್ತಿರುವುದೂ ಅದನ್ನೇ. ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೆ ಕ್ರಮ ಕೈಗೊಳ್ಳಿ.

ಇದು ಸುಳ್ಳಿನ ವ್ಯಾಪಾರವೆಂದು ಮಾಲೀಕರು ಹೇಳುತ್ತಾರೆ. ನಾವು ಕೇಳುತ್ತೇವೆ: ನಾಳೆ ಎಷ್ಟು ಗಿರಾಕಿಗಳು ಬರುತ್ತಾರೆಂದು ನಿಮಗೆ ದೇವರು ಬಂದು ಹೇಳುತ್ತಾನೆಯೆ? ಆದರೂ ಇಂದೇ ಅಕ್ಕಿ-ಉದ್ದು ನೆನೆಹಾಕಿಸುತ್ತೀರಲ್ಲ! ಒಂದು ದಿನ ಹಿಟ್ಟು ಉಳಿಯಿತೆಂದು ಮರುದಿನ ರುಬ್ಬುವುದನ್ನು ಬಿಡುತ್ತೀರಾ? ಇಡ್ಲಿಯ ಲೆಕ್ಕದಲ್ಲಿ ಅಂದಾಜನ್ನು ನಂಬುವವರು ಆಳಿನ ಜೀವದ ಲೆಕ್ಕ ಬಂದಾಗ ಮಾತ್ರ ಖಾತ್ರಿ ಕೇಳುವುದು ಯಾವ ನ್ಯಾಯ?

2005ರ ಜುಲೈ 26ನ್ನು ಮರೆತವರುಂಟೆ? ಇಪ್ಪತ್ತನಾಲ್ಕು ಗಂಟೆಗಳಲ್ಲಿ 204 ಮಿಲಿಮೀಟರ್ ಮೀರಿದರೆ ಇಲಾಖೆಯ ಲೆಕ್ಕದಲ್ಲಿ ಅದು ಅತಿ ದೊಡ್ಡ ಮಳೆ. ಅಂದು ಸಾಂತಾಕ್ರೂಜಿನಲ್ಲಿ ಸುರಿದದ್ದು 944 ಮಿಲಿಮೀಟರ್. ಅದೇ ದಿನ ಕೊಲಾಬಾದಲ್ಲಿ 75ನ್ನೂ ಮುಟ್ಟಲಿಲ್ಲ. ಒಂದೇ ನಗರ, ಎರಡು ಆಕಾಶ. ನಗರದಲ್ಲಿ ನಾನೂರಕ್ಕಿಂತ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂದು ಮುಂಬಯಿಯಲ್ಲಿ ಡಾಪ್ಲರ್ ರಾಡಾರ್ ಇರಲಿಲ್ಲ. ಈಗ ಕೊಲಾಬಾದಲ್ಲಿ ಒಂದಿದೆ. 2022ರಲ್ಲಿ ವೆರಾವಲಿಯಲ್ಲಿ ಇನ್ನೊಂದು ಬಂದಿದೆ. ಜನರ ದುಡ್ಡಿನಿಂದ ಯಂತ್ರವೇನೋ ಬಂತು. ಅದು ಕಂಡ ಸುದ್ದಿ ಭಟ್ಟಿಯ ಮುಂದೆ ನಿಂತವನಿಗೆ ಮುಟ್ಟಿತೆ?

2024ರ ಮೇ 13ರ ಸಂಜೆ ಎದ್ದದ್ದು ಬೇಸಗೆಯ ಧೂಳುಗಾಳಿ. ಘಾಟ್ಕೋಪರಿನಲ್ಲಿ ಜಾಹೀರಾತಿನ ಭಾರಿ ಫಲಕ ಪೆಟ್ರೋಲು ಪಂಪಿನ ಮೇಲೆ ಬಿದ್ದು 17 ಜನ ಸತ್ತರು. ಪಾಲಿಕೆಯ ನಿಯಮದಂತೆ 40 ಅಡಿ ಮೀರಬಾರದ ಫಲಕ ಅದಕ್ಕಿಂತ ಎಷ್ಟೋ ದೊಡ್ಡದಾಗಿ ನಿಂತಿತ್ತು. ಗಾಳಿ ಕೊಂದಿತೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಗಾಳಿಗೆ ಆಯುಧ ಕೊಟ್ಟವರು ಮನುಷ್ಯರೇ.

ಮೂರು ಗಂಟೆ ಸಣ್ಣ ಹೊತ್ತಲ್ಲ. ಅಷ್ಟರಲ್ಲಿ ಪರಳದಿಂದ ಹೊರಟವನು ಕಲ್ಯಾಣ ಸೇರಬಹುದು. ಆದರೆ ಬಂಧುಗಳೆ, ಆ ಮೂರು ಗಂಟೆ ಯಾರ ಕೈಯಲ್ಲಿದೆ? ಎಷ್ಟೋ ಹೋಟೇಲುಗಳಲ್ಲಿ ಪಾಳಿ ಮುಗಿಯುವವರೆಗೆ ಹುಡುಗರ ಫೋನು ಗಲ್ಲಾದ ಮೇಜಿನಲ್ಲಿ ಬೀಗದೊಳಗೆ. ಎಚ್ಚರಿಕೆ ಬಂದರೆ ಧಣಿಗಳ ಮಕ್ಕಳು ಶಾಲೆಯಿಂದ ಬೇಗ ಮನೆಗೆ. ಧಣಿಗಳ ಕಾರು ನೀರು ಏರುವ ಮೊದಲೇ ಮನೆಗೆ. ಕ್ಲೀನರ್ ಹುಡುಗ ಮಾತ್ರ ಪಾತ್ರೆ ತೊಳೆದು ಮುಗಿಸಿ, ರಾತ್ರಿ ಹಿಂದಮಾತೆಯ ಸೊಂಟದೆತ್ತರದ ನೀರಿಗೆ ಇಳಿಯಬೇಕು. ರೈಲು ನಿಂತು ಮರುದಿನ ಬಾರದೆ ಹೋದರೆ ಪಗಾರದಲ್ಲಿ ಕಡಿತ. ಹೀಗಿದ್ದ ಮೇಲೆ ಆ ಎಚ್ಚರಿಕೆ ಕೊಟ್ಟದ್ದು ಯಾರಿಗೆ?

ಗಿರಣಿ ಕೆಲಸ ಮಾಡಿದ ಹಿರಿಯರಿಗೆ ಭೋಂಗಾ ನೆನಪಿರಬಹುದು. ಪರಳ, ಲಾಲಬಾಗದ ಚಾಳುಗಳನ್ನೆಲ್ಲ ಅದು ನಿದ್ದೆಯಿಂದ ಎಬ್ಬಿಸುತ್ತಿತ್ತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಭೋಂಗಾ ಅಡಗಿತು. ಕೆಲಸಕ್ಕೆ ಬಾ ಎಂದು ಕರೆಯಲು ಊರಿಗೆಲ್ಲ ಕೇಳುವಂತೆ ಕೂಗಲು ಬಂದವರಿಗೆ, ಜೀವ ಉಳಿಸಿಕೋ ಎಂದು ಹೇಳಲು ಬಾಯಿಲ್ಲವೆ?

ಹಳದಿ ಬಂದಾಗಲೆಲ್ಲ ಹೋಟೇಲು ಮುಚ್ಚಿರೆಂದು ನಾವು ಹೇಳುವುದಿಲ್ಲ. ಹೋಟೇಲು ನಡೆದರೆ ನಮ್ಮ ಊಟ. ನಾವು ಕೇಳುವುದು ಇಷ್ಟೆ:

ಒಂದು, ದಿನದ ಎಚ್ಚರಿಕೆಯ ಬಣ್ಣವನ್ನೂ ಅದರ ಅರ್ಥವನ್ನೂ ಅಡಿಗೆಮನೆಯ ಹಲಗೆಯ ಮೇಲೆ ಹುಡುಗರು ಓದಬಲ್ಲ ಭಾಷೆಯಲ್ಲಿ ಬರೆಯಬೇಕು. ಫೋನು ಹುಡುಗರ ಹತ್ತಿರವೇ ಇರಬೇಕು.

ಎರಡು, ಕಿತ್ತಳೆಯ ದಿನ ದೂರದಿಂದ ಬರುವವರನ್ನು ಮೊದಲು ಬಿಡಬೇಕು. ಕೆಂಪಿನ ದಿನ ಯಾರನ್ನೂ ಬಲವಂತವಾಗಿ ಕರೆಸಕೂಡದು, ಪಗಾರ ಮುರಿಯಕೂಡದು.

ಮೂರು, ಹೊರಡಲಾಗದವರಿಗೆ ಆ ರಾತ್ರಿ ಒಣ ನೆಲ, ಊಟ, ಮಲಗಲು ಜಾಗ ಕೊಡಬೇಕು.

ನಾಲ್ಕು, ಗುಡುಗು ಕೇಳಿದ ಮೇಲೆ ಮಾಳಿಗೆಯ ನೀರಿನ ಟಾಂಕಿಗೋ ತಗಡು ಸರಿಮಾಡಲಿಕ್ಕೋ ಯಾರನ್ನೂ ಹತ್ತಿಸಕೂಡದು.

ಇದಕ್ಕೆ ಲಕ್ಷಗಳು ಬೇಕಿಲ್ಲ. ಒಂದು ಹಲಗೆ, ಒಂದು ಸೀಮೆಸುಣ್ಣ, ಸ್ವಲ್ಪ ಮನುಷ್ಯತ್ವ ಸಾಕು. ಮಾಲೀಕರು ಹಲಗೆ ಹಾಕುವವರೆಗೆ ಕಾಯುವುದೂ ಬೇಡ. ಪ್ರತಿ ಹೋಟೇಲಿನಲ್ಲಿ ಓದುಬಲ್ಲ ಒಬ್ಬನನ್ನು ನಾವೇ ಆರಿಸೋಣ. ಬೆಳಿಗ್ಗೆ, ಮಧ್ಯಾಹ್ನ ಇಲಾಖೆಯ ಸೂಚನೆ ನೋಡಿ ಉಳಿದವರಿಗೆ ಹೇಳುವುದು ಅವನ ಹೊಣೆ. ಅವನ ಮೇಲೆ ಧಣಿ ಕಣ್ಣು ಕೆಂಪು ಮಾಡಿದರೆ ಜತೆಗೆ ನಿಲ್ಲುವುದು ನಮ್ಮೆಲ್ಲರ ಹೊಣೆ.

ಮಳೆಯನ್ನು ತಡೆಯಲು ಯಾವ ಸಂಘಕ್ಕೂ ಆಗದು. ಮಳೆ ಬರುವುದೆಂದು ಗೊತ್ತಿದ್ದೂ ಮನುಷ್ಯನನ್ನು ನೀರಿಗೆ ತಳ್ಳುವವರನ್ನು ತಡೆಯಲು ಆಗುತ್ತದೆ. ಸಂಘವಿರುವುದು ಅದಕ್ಕೇ.