ಅನುಕರಣವೂ ಸ್ವಂತ ಹಾಡೂ

ಇಂಗ್ಲೆಂಡಿನ ಬೀಟಲ್ಸ್ ಗಾಯಕರು ಟಿಕೀಟು ಮಾರಿ ನಡೆಸಿದ ಕೊನೆಯ ಕಚೇರಿಯು 1966ನೆಯ ಇಸವಿ ಆಗಸ್ಟ್ 29ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮುಗಿಯಿತು. ಆದರೂ ಆ ದೇಶದ ಸಭಾಗೃಹಗಳಲ್ಲಿ ಅದೇ ಕೇಶವಿನ್ಯಾಸ, ಅದೇ ಉಡುಪು, ಅಂಥವೇ ಗಿಟಾರುಗಳೊಡನೆ ನಾಲ್ವರು ನಿಂತು ಆ ಹಾಡುಗಳನ್ನೇ ಹಾಡುವುದನ್ನು ಇಂದಿಗೂ ಕಾಣಬಹುದು. ಮೂಲಗಾಯಕರ ವೇಷವನ್ನೂ ಧ್ವನಿಯನ್ನೂ ಅನುಕರಿಸುವ ಇಂಥ ಮೇಳಗಳಿಗೆ ‘ಟ್ರಿಬ್ಯೂಟ್ ಬ್ಯಾಂಡ್’ ಎಂದು ಹೆಸರು. 1980ರಲ್ಲಿ ಹುಟ್ಟಿದ ‘ಬೂಟ್‌ಲೆಗ್ ಬೀಟಲ್ಸ್’ ಇವುಗಳಲ್ಲಿ ಪ್ರಸಿದ್ಧವಾದುದು. ಇವುಗಳಿಂದ ಸಂಗೀತಕ್ಕೆ ಲಾಭವೋ ನಷ್ಟವೋ ಎಂಬುದನ್ನು ಈ ತಿಂಗಳು ಕೊಂಚ ವಿಚಾರಿಸೋಣ.

ಮೊದಲು ಗುಣವನ್ನು ಹೇಳುವುದು ನ್ಯಾಯ. ತಂದೆತಾಯಿಗಳು ಯೌವನದಲ್ಲಿ ಮೆಚ್ಚಿದ ಹಾಡನ್ನು ಮಕ್ಕಳು ಅವರ ಪಕ್ಕದಲ್ಲಿಯೇ ಕುಳಿತು ಕೇಳುವ ಭಾಗ್ಯವು ಸಣ್ಣದಲ್ಲ. ಇದು ಕಳ್ಳತನವೂ ಅಲ್ಲ. ಸಭಾಗೃಹದವರು ತೆರುವ ಪರವಾನಗಿಯ ಹಣದಲ್ಲಿ ಹಾಡು ಕಟ್ಟಿದವರಿಗೂ ಪಾಲು ಸಲ್ಲುತ್ತದೆ. ಪಿಂಕ್ ಫ್ಲಾಯ್ಡ್ ಮೇಳದ ಡೇವಿಡ್ ಗಿಲ್ಮೋರರಂತೂ 1996ರಲ್ಲಿ ತಮ್ಮ ಐವತ್ತನೆಯ ಹುಟ್ಟುಹಬ್ಬಕ್ಕೆ ತಮ್ಮನ್ನೇ ಅನುಕರಿಸುವ ಆಸ್ಟ್ರೇಲಿಯದ ಮೇಳವನ್ನು ಕರೆಸಿ ಹಾಡಿಸಿದರು.

ಇನ್ನು ದೋಷದ ಮಾತು. ಸಣ್ಣ ಸಭಾಗೃಹಕ್ಕೆ ಜನ ಕೂಡುವ ರಾತ್ರಿಗಳು ವಾರಕ್ಕೆ ಎರಡೇ: ಶುಕ್ರವಾರ, ಶನಿವಾರ. ಬಾಡಿಗೆ, ದೀಪ, ಸಂಬಳಗಳ ಚಿಂತೆಯಲ್ಲಿರುವ ಯಜಮಾನನು ಎಲ್ಲರೂ ಬಲ್ಲ ಹಾಡುಗಳಿಗೆ ಆ ರಾತ್ರಿಗಳನ್ನು ಕೊಟ್ಟರೆ ಅವನನ್ನು ದೂರಲಾಗದು. 2023ನೆಯ ವರ್ಷವೊಂದರಲ್ಲೇ ಬ್ರಿಟನ್ನಿನ 125 ಸಣ್ಣ ಸಂಗೀತಗೃಹಗಳು ಕಚೇರಿಗಳನ್ನು ನಿಲ್ಲಿಸಿದುವೆಂದು ಮ್ಯೂಸಿಕ್ ವೆನ್ಯೂ ಟ್ರಸ್ಟ್ ಎಂಬ ಸಂಸ್ಥೆಯು ಲೆಕ್ಕ ಕೊಟ್ಟಿದೆ. ಅನುಕರಣದ ಮೇಳದಿಂದ ಬಂದ ಹಣವೇ ಬಾಗಿಲು ತೆರೆದಿಟ್ಟಿರುವುದೂ ಉಂಟು. ಆದರೆ ತೆರೆದ ಬಾಗಿಲಿನೊಳಗೆ ಹೊಸಬನಿಗೆ ಸ್ಥಳವಿಲ್ಲದಿದ್ದರೆ ಮುಂದಿನ ತಲೆಮಾರು ಅನುಕರಿಸುವುದಾದರೂ ಯಾರನ್ನು?

ಬೀಟಲ್ಸರ ಕಥೆಯೇ ಇದಕ್ಕೆ ಉತ್ತರ ಹೇಳುತ್ತದೆ. ಅವರೂ ಮೊದಲು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ರಾತ್ರಿಯೆಲ್ಲಾ ಪರರ ಹಾಡುಗಳನ್ನು ಹಾಡಿಯೇ ಪಳಗಿದವರು. 1963ರಲ್ಲಿ ಹೊರಬಂದ ಅವರ ಮೊದಲನೆಯ ಆಲ್ಬಮ್ಮಿನ 14 ಹಾಡುಗಳಲ್ಲಿ 6 ಪರರವು, 8 ಸ್ವಂತದವು. ಆ ಎಂಟನ್ನು ಕೇಳುವ ಕಿವಿಗಳು ಅಂದು ಇಲ್ಲದೆ ಹೋಗಿದ್ದರೆ ಇಂದು ಅನುಕರಿಸುವವರಿಗೆ ಬಂಡವಾಳವೇ ಇರುತ್ತಿರಲಿಲ್ಲ. ಅನುಕರಣವು ಒಳ್ಳೆಯ ಪಾಠಶಾಲೆ. ಆದರೆ ಪಾಠಶಾಲೆಯಲ್ಲಿಯೇ ಮುದುಕನಾಗಬೇಕೆಂದು ವಿದ್ಯಾರ್ಥಿಯನ್ನು ಕಟ್ಟಿಹಾಕಬಾರದು.

ಇದು ಪರದೇಶದ ಮಾತೆಂದು ವಾಚಕರು ತಳ್ಳಿಹಾಕದಿರಲಿ. ನಮ್ಮ ಗಣೇಶೋತ್ಸವದ ರಸಮಂಜರಿಗಳಲ್ಲಿಯೂ ರಾಜ್‌ಕುಮಾರ್, ವಿಷ್ಣುವರ್ಧನ್ ಇವರ ವೇಷ ಧರಿಸಿದ ‘ಜೂನಿಯರ್’ ಕಲಾವಿದರಿಗೆ ನಾವೇ ಚಪ್ಪಾಳೆ ತಟ್ಟುತ್ತೇವೆ. ತಟ್ಟಬಾರದೆಂದು ನಾವು ಹೇಳುವುದಿಲ್ಲ. ಅವರ ಶ್ರಮವೂ ಅನ್ನಕ್ಕಾಗಿಯೇ. ನಮ್ಮ ಬಿನ್ನಹ ಇಷ್ಟೇ: ಬೀದಿಯ ಉತ್ಸವಕ್ಕೆ ಚಂದಾ ಕೊಡುವಾಗ ಗೃಹಸ್ಥರು ಸಮಿತಿಯವರಿಗೆ ಒಂದು ಮಾತು ಸೇರಿಸಿ ಹೇಳಲಿ. ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ತಾನೇ ಹಾಡು ಕಟ್ಟಿದ ಊರಿನ ಹುಡುಗನಿಗೋ ಹುಡುಗಿಗೋ ಬಿಟ್ಟುಕೊಡಲಿ. ಅದೂ ಜನ ಚದುರಿದ ಮೇಲಲ್ಲ, ಸಭೆ ತುಂಬಿರುವಾಗ. ಆ ಹಾಡು ಚೆನ್ನಾಗಿಲ್ಲದಿದ್ದರೆ ನಮಗೆ ಅರ್ಧ ಗಂಟೆ ನಷ್ಟ. ಚೆನ್ನಾಗಿದ್ದರೆ ನಮ್ಮ ಮೊಮ್ಮಕ್ಕಳಿಗೆ ಅದೇ ಹಳೆಯ ಹಾಡಾದೀತು.