ಸ್ಥಳನಾಮವೂ ಪಾಠೋಪಕರಣವೇ

ನಕ್ಷೆಯ ಅಳತೆಮಾನ ಕಲಿಸುವಾಗ ನಾವು ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲಿ ‘ಅ’ ಊರು, ‘ಬ’ ಊರು ಎಂದು ಬರೆದು ಮುಗಿಸುತ್ತೇವೆ. ಅಲ್ಲಿ ನಿಜವಾದ ಸ್ಥಳನಾಮಗಳೇ ಬರಬೇಕೆಂಬುದು ನನ್ನ ಅಭಿಪ್ರಾಯ.

ಹುಬ್ಬಳ್ಳಿ, ಕಲಬುರಗಿ, ವಿಜಯಪುರಗಳಲ್ಲಿ ಸ್ಟೇಷನ್ ರಸ್ತೆಗಳಿವೆ. ಹುಬ್ಬಳ್ಳಿಯಲ್ಲಿ ರೈಲ್ವೆ ಕ್ರೀಡಾ ಮೈದಾನವೂ ಇದೆ. 2023ರ ರಾಷ್ಟ್ರೀಯ ಯುವಜನೋತ್ಸವ ಉದ್ಘಾಟನೆಯಾದದ್ದು ಅಲ್ಲೇ. 2020ರಲ್ಲಿ ಅಲ್ಲಿನ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿಟ್ಟ ಮೇಲೂ ಸ್ಟೇಷನ್ ರಸ್ತೆ ಸ್ಟೇಷನ್ ರಸ್ತೆಯಾಗಿಯೇ ಉಳಿದಿದೆ.

ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಇದು ತಿರುವುಮುರುವು: ನಿಲ್ದಾಣದ ಹೆಸರೇ ‘ಹೊಸದುರ್ಗ ರೋಡ್’. ಊರು ಹಳಿಯಿಂದ ದೂರ, ಇಲ್ಲಿಳಿದು ರಸ್ತೆ ಹಿಡಿಯಿರಿ ಎಂದರ್ಥ. ಸುಬ್ರಹ್ಮಣ್ಯ ರೋಡ್, ಗೋಕರ್ಣ ರೋಡ್ ಕೂಡ ಹೀಗೆಯೇ. ಮಕ್ಕಳು ನಕ್ಷೆಯ ಮೇಲೆ ದಾರವಿಟ್ಟು ಊರಿಗೂ ನಿಲ್ದಾಣಕ್ಕೂ ಇರುವ ದೂರ ಅಳೆದು, ಅಳತೆಮಾನದಿಂದ ಗುಣಿಸಿ ಕಿಲೋಮೀಟರ್‌ಗೆ ತರಲಿ. ಅನುಪಾತವೂ ಬರುತ್ತದೆ, ಹಳಿ ಊರಿಗೇಕೆ ಬರಲಿಲ್ಲ ಎಂಬ ಪ್ರಶ್ನೆಯೂ ಹುಟ್ಟುತ್ತದೆ.

ಚನ್ನಗಿರಿಯಲ್ಲಿ ರೈಲು ನಿಲ್ದಾಣವೇ ಇಲ್ಲ, ಈ ಉದಾಹರಣೆ ಮಕ್ಕಳ ಅನುಭವಕ್ಕೆ ದೂರವಲ್ಲವೇ ಎಂದು ಮಾರ್ಗದರ್ಶಕರು ಕೇಳಬಹುದು. ಇಲ್ಲದ ಕಾರಣಕ್ಕೇ ಇದು ಬೇಕು. ನಾಳೆ ಓದಿಗೋ ಕೆಲಸಕ್ಕೋ ಹೊರಡುವ ಇಲ್ಲಿನ ಮಗು ಬಸ್ಸಿನಲ್ಲಿ ದಾವಣಗೆರೆಗೋ ಭದ್ರಾವತಿಗೋ ಹೋಗಿ ರೈಲು ಹತ್ತಬೇಕು. ಆ ದೂರಕ್ಕೆ ಸಮಯ, ದುಡ್ಡು ಎರಡೂ ಬೇಕು. ‘ಅ’ಯಿಂದ ‘ಬ’ಗೆ ಹೋಗಲು ಯಾರಿಗೂ ಟಿಕೆಟ್ ಬೇಕಾಗುವುದಿಲ್ಲ.

ಮುಂದಿನ ಬೋಧನಾಭ್ಯಾಸದಲ್ಲಿ ಪ್ರತಿ ಗಣಿತ ಪಾಠಯೋಜನೆಗೂ ಮಕ್ಕಳು ಬಲ್ಲ ಒಂದು ಸ್ಥಳನಾಮವನ್ನು ಕಡ್ಡಾಯ ಮಾಡೋಣ.