ಗೋಡೆ ಗಟ್ಟಿ, ನೆಲ ಮೆತ್ತಗೆ

ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ 2025ರ ಮೇ 19ರಂದು, ನಿರ್ಮಾಣ ಹಂತದಲ್ಲಿದ್ದ ರಾಷ್ಟ್ರೀಯ ಹೆದ್ದಾರಿ 66ರ ಎತ್ತರದ ಏರಿ ಕುಸಿಯಿತು. ಗದ್ದೆಯ ನೆಲಕ್ಕೆ ಅಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ ಎಂಬುದು ಹೆದ್ದಾರಿ ಪ್ರಾಧಿಕಾರವೇ ನೀಡಿದ ಪ್ರಾಥಮಿಕ ವಿವರಣೆ. ಗುತ್ತಿಗೆದಾರರ ಮೇಲೆ ಕ್ರಮವಾಯಿತು. ಏರಿಯ ಬದಲು ಕಂಬಗಳ ಮೇಲಿನ ಸೇತುವೆಯನ್ನು ಅವರ ಖರ್ಚಿನಲ್ಲೇ ಕಟ್ಟಿಸುವ ನಿರ್ಧಾರವೂ ಆಯಿತು. ಪ್ರಕರಣ ಅಲ್ಲಿಗೆ ಮುಗಿಯಿತೆಂದು ಭಾವಿಸುವುದು ತಪ್ಪಾದೀತು.

ನಾನು ಎಂಜಿನಿಯರ್ ಅಲ್ಲ. ಅರ್ಥಶಾಸ್ತ್ರ ಓದಿ ಆಡಳಿತಕ್ಕೆ ಬಂದವನು. ಆದರೆ ಇಲ್ಲಿನ ಲೆಕ್ಕ ಸರಳವಾದುದು. ಪದರ ಪದರವಾಗಿ ಉಕ್ಕಿನ ಪಟ್ಟಿ ಅಥವಾ ಪಾಲಿಮರ್ ಜಾಲರಿ ಹಾಸಿ ಮಣ್ಣು ತುಂಬುವ ತಂತ್ರವನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಆನ್ರಿ ವಿದಾಲ್. ಇದರಿಂದ ಏರಿಯ ಬದಿ ನೆಟ್ಟಗೆ ನಿಲ್ಲುತ್ತದೆ, ಜಮೀನು ಉಳಿಯುತ್ತದೆ. ಆದರೆ ಜಾಲರಿ ಬಿಗಿಹಿಡಿಯುವುದು ತುಂಬಿದ ಮಣ್ಣನ್ನೇ ಹೊರತು ಅಡಿಯ ನೆಲವನ್ನಲ್ಲ. ಹತ್ತು ಮೀಟರ್ ಎತ್ತರದ ಏರಿ ಪ್ರತಿ ಚದರ ಮೀಟರಿಗೆ ಸುಮಾರು 20 ಟನ್ ಭಾರ ಹೇರುತ್ತದೆ. ಮೆತ್ತನೆಯ ಜೇಡಿನೆಲ ಅದರ ಅರ್ಧದಷ್ಟಕ್ಕೇ ಸೋಲಬಹುದು. ತಳದಲ್ಲಿ ಬಲವಾದ ಜಾಲರಿ ಹಾಸಿದರೆ ಏರಿ ಪಕ್ಕಕ್ಕೆ ಜಾರುವುದು ತಪ್ಪೀತು. ನೆಲ ಕುಗ್ಗುವುದು ತಪ್ಪದು.

ಪರಿಹಾರಗಳು ಇಲ್ಲದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲೇ ಮೆತ್ತನೆಯ ನೆಲದ ಮೇಲಿನ ಇಂಥ ಏರಿಗಳಿಗಾಗಿ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿದೆ. ನೆಲದೊಳಗೆ ಲಂಬವಾಗಿ ಬಸಿಗಾಲುವೆಯಂಥ ಪಟ್ಟಿಗಳನ್ನಿಳಿಸಿ, ಮಣ್ಣನ್ನು ಹಂತ ಹಂತವಾಗಿ ಪೇರಿಸಿ, ನಡುನಡುವೆ ತಿಂಗಳುಗಟ್ಟಲೆ ಕಾದರೆ ನೀರು ಹಿಂಡಿ ಹೋಗಿ ಜೇಡಿ ಗಟ್ಟಿಯಾಗುತ್ತದೆ. ಅವಸರವಿದ್ದರೆ ಜಲ್ಲಿಕಂಬ ಅಥವಾ ಪೈಲ್ ಹಾಕಬೇಕು; ಅದೂ ಸಾಲದಾದರೆ ಸೇತುವೆಯೇ ಗತಿ.

ಅಂದರೆ ದುರ್ಬಲ ನೆಲಕ್ಕೆ ಕಾಲವನ್ನಾದರೂ ಕೊಡಬೇಕು, ಹಣವನ್ನಾದರೂ ಕೊಡಬೇಕು. ನಮ್ಮ ಟೆಂಡರ್ ವ್ಯವಸ್ಥೆ ಎರಡನ್ನೂ ಕೊಡಲು ಹಿಂಜರಿಯುತ್ತದೆ. ಕಡಿಮೆ ದರ ಹಾಕಿದವನಿಗೆ ಕೆಲಸ, ಗಡುವು ಮೀರಿದರೆ ದಂಡ. ಕಾಯುವುದಕ್ಕೆ ಅಂದಾಜುಪಟ್ಟಿಯಲ್ಲಿ ಬಾಬತ್ತೇ ಇಲ್ಲ. ಯೋಜನಾ ವೆಚ್ಚದ ಅಲ್ಪ ಭಾಗವಾದ ಮಣ್ಣು ಪರೀಕ್ಷೆಯಲ್ಲಿ ಉಳಿಸಿದ ಹಣ ಕೊನೆಗೆ ಎಷ್ಟೋ ಪಟ್ಟು ನಷ್ಟವಾಗಿ ಮರಳುತ್ತದೆ. ಅದನ್ನು ಹೊರುವವರು ಪಕ್ಕದ ಊರಿನವರು ಮತ್ತು ಪ್ರಯಾಣಿಕರು.

ಇದೇ ಹೆದ್ದಾರಿ ನಮ್ಮ ಕರಾವಳಿಯ ಅಳಿವೆ, ಗದ್ದೆಗಳ ನಡುವೆಯೂ ಹಾದುಹೋಗುತ್ತದೆ. ಎರಡು ಕೆಲಸ ಆಗಬೇಕು: ಎತ್ತರದ ಏರಿ ಕಟ್ಟುವಲ್ಲೆಲ್ಲ ಮಣ್ಣು ಪರೀಕ್ಷೆಯನ್ನು ಟೆಂಡರಿಗೆ ಮೊದಲೇ ಸರ್ಕಾರ ಸ್ವತಂತ್ರ ಸಂಸ್ಥೆಯಿಂದ ಮಾಡಿಸಿ ವರದಿಯನ್ನು ಸಾರ್ವಜನಿಕರ ಮುಂದಿಡಬೇಕು, ನೆಲ ಗಟ್ಟಿಯಾಗಲು ಬೇಕಾದ ಅವಧಿಯನ್ನು ಕರಾರಿನಲ್ಲೇ ಸೇರಿಸಬೇಕು. ಉದ್ಘಾಟನೆಯ ದಿನಾಂಕವನ್ನು ಸರ್ಕಾರ ನಿಗದಿಪಡಿಸಬಹುದು. ಜೇಡಿಮಣ್ಣು ಅದನ್ನು ಪಾಲಿಸುವುದಿಲ್ಲ.